ನಾಲ್ಕು ಬಾಗಿನಗಳಿಗೆ ಹಂಚಿಹೋದ ಹಾಡು

ಹೋದ ವರ್ಷ ಮಾಘಮಾಸದಲ್ಲಿ ನಮ್ಮ ಯಜಮಾನರ ಅಕ್ಕ ಸರೋಜಕ್ಕನ ಮಗಳು ಕಾವ್ಯಳ ಮದುವೆ. ಲಗ್ನ ಕಟ್ಟಿಸಿದ ಮಾರನೆಯ ದಿನವೇ ಸರೋಜಕ್ಕ ಚಿಂತಾಮಣಿಯಿಂದ ಶಿಡ್ಲಘಟ್ಟದ ನಮ್ಮ ಮನೆಗೆ ಓಡಿಬಂದಿದ್ದರು. ಕೈಯಲ್ಲಿ ಸಿಹಿ, ಮುಖದಲ್ಲಿ ಅದಕ್ಕಿಂತ ಹೆಚ್ಚು ಸಿಹಿ. ಮಾವನವರು ರೇಡಿಯೋ ಆರಿಸಿ ಬಂದು ಕೂತರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು. ನಮ್ಮತ್ತೆ ಮಾತ್ರ ಮೊರದಲ್ಲಿದ್ದ ಅವರೆಕಾಳನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸುತ್ತಿದ್ದರು. ಆರಿಸುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

"ಏನಮ್ಮ, ಮೊಮ್ಮಗಳ ಮದುವೆ ಅಂದ್ರೆ ಹಿಂಗಾ ಕೂರೋದು?" ಅಂದರು ಸರೋಜಕ್ಕ.

ಅತ್ತೆ ತಲೆ ಎತ್ತಿ ತಮ್ಮ ಪಿಸುದನಿಯಲ್ಲಿ ಹೇಳಿದರು: "ಮದುವೆಗೆ ಬರ್ತೀನಿ ಕಣಮ್ಮ. ಛತ್ರದಲ್ಲಿ ಒಂದ್ಕಡೆ ಕೂತು, ಅಕ್ಷತೆ ಹಾಕಿ, ಊಟ ಮಾಡ್ಕೊಂಡು ಬರ್ತೀನಿ. ಹಸೆ ಹಾಕೋ ದಿನ ಮಾತ್ರ ನನ್ನ ಕರೀಬೇಡಿ."

ಸರೋಜಕ್ಕ ಸಿಹಿಯ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು.

ನಮ್ಮತ್ತೆಗೆ ಎರಡು ವರ್ಷದ ಹಿಂದೆ ಗಂಟಲಿನ ಗೆಡ್ಡೆಯ ಆಪರೇಷನ್ ಆಗಿತ್ತು. ಗೆಡ್ಡೆ ದನಿಯ ನರಕ್ಕೇ ಅಂಟಿಕೊಂಡಿತ್ತಂತೆ. ಪ್ರಾಣ ಉಳಿಯಿತು, ದನಿ ಹೋಯಿತು. ಅವರ ಮಾತು ಈಗ ಒಣಗಿದ ಎಲೆ ಸರಿದಾಡಿದ ಹಾಗೆ, ಹತ್ತಿರ ಕೂತರೆ ಮಾತ್ರ ಕೇಳುತ್ತದೆ. ಅದಕ್ಕೆ ಮೊದಲು ನಮ್ಮ ನೆಂಟರಿಷ್ಟರಲ್ಲಿ ಯಾವ ಹೆಣ್ಣುಮಗಳನ್ನು ಹಸೆಮಣೆ ಮೇಲೆ ಕೂರಿಸಿದರೂ ಮೊದಲ ಸೊಲ್ಲು ಎತ್ತುತ್ತಿದ್ದವರು ಅವರೇ. ಅವರು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು "ಸೋ" ಎಂದು ದನಿಗೂಡಿಸುತ್ತಿದ್ದರು. ಆ ಸಾಲುಗಳು ಯಾರಿಗೂ ಬಾಯಿಪಾಠ ಬರುತ್ತಿರಲಿಲ್ಲ, ಯಾಕೆಂದರೆ ಅತ್ತೆ ಅವನ್ನು ಪ್ರತಿ ಮದುವೆಗೂ ಒಂದಿಷ್ಟು ತಿರುಗಿಸಿ ಕಟ್ಟುತ್ತಿದ್ದರು. ನಾವೆಲ್ಲ ಬರೀ "ಸೋ" ಅನ್ನುವವರು.

ಆ ಸಂಜೆ ಸರೋಜಕ್ಕ ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. "ಶೋಭ, ಅಮ್ಮ ಹಸೆ ಹತ್ರ ಇಲ್ದೆ ನನ್ನ ಮಗಳನ್ನ ಹೆಂಗೆ ಕೂರಿಸ್ಲಿ ಹೇಳು? ಏನಾದ್ರೂ ಮಾಡಿ ಒಪ್ಪಿಸಮ್ಮ." ನಾನು ಆಗಲಿ ಅಂದೆ. ಏನು ಮಾಡುವುದು ಅಂತ ನನಗೇ ಗೊತ್ತಿರಲಿಲ್ಲ.

ಆಮೇಲೆ ಒಂದು ದಿನ ಬೀರುವಿನಲ್ಲಿ ಸೀರೆ ಜೋಡಿಸುವಾಗ ಹಳೆಯ ಗಾಜಿನ ಬಳೆಗಳ ಡಬ್ಬಿಯಲ್ಲಿ ಕಪ್ಪನೆಯ ಫ್ಲಾಪಿಯೊಂದು ಕೈಗೆ ಸಿಕ್ಕಿತು. ಈಗಿನ ಮಕ್ಕಳಿಗೆ ಫ್ಲಾಪಿ ಅಂದರೆ ಗೊತ್ತಾಗಲಿಕ್ಕಿಲ್ಲ. ಅಂಗೈಯಗಲದ ಚೌಕದ ಪ್ಲಾಸ್ಟಿಕ್ಕು, ಮೇಲೆ ತಗಡಿನ ಪುಟ್ಟ ಬಾಗಿಲು. ಹಳೆಯ ಕಂಪ್ಯೂಟರುಗಳು ಅದರಲ್ಲಿ ತಮ್ಮ ಕಡತಗಳನ್ನು ಇಡುತ್ತಿದ್ದವು. ಆ ತಗಡಿನ ಮೇಲೆ ಅರಿಶಿನ ಕುಂಕುಮದ ಬೊಟ್ಟು ಇನ್ನೂ ಹಾಗೇ ಇತ್ತು. ಕೆಳಗೆ ನಮ್ಮ ಮೈದುನ ಮಂಜುವಿನ ಅಕ್ಷರದಲ್ಲಿ "ಅಮ್ಮನ ಹಾಡು – ೧".

ನನಗೆ ಎಲ್ಲ ಒಟ್ಟಿಗೇ ನೆನಪಾಯಿತು. ಇಪ್ಪತ್ತು ವರ್ಷಕ್ಕೂ ಹಿಂದೆ ಮಂಜು ಕಂಪ್ಯೂಟರ್ ಕಲಿಯುವ ಹುಮ್ಮಸ್ಸಿನಲ್ಲಿ ಯಾರದೋ ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದಿದ್ದ. ಅದಕ್ಕೆ ಮೈಕ್ ಸಿಕ್ಕಿಸಿ ಅತ್ತೆಯ ಹಸೆ ಹಾಡನ್ನು ಹಿಡಿದಿಟ್ಟ. ಚಿಕ್ಕಬಳ್ಳಾಪುರದ ಒಂದು ಸೆಂಟರಿನಲ್ಲಿ ಅದನ್ನು ಸಿ.ಡಿ. ಮಾಡಿಸಬೇಕೆಂದು ಆಸೆ. ಹಾಡು ಒಂದು ಫ್ಲಾಪಿಯಲ್ಲಿ ಹಿಡಿಸಲಿಲ್ಲ. ಅದನ್ನು ಒತ್ತಿ ಚಿಕ್ಕದು ಮಾಡಿ, ಗಂಟು ಕಟ್ಟಿ, ನಾಲ್ಕು ಫ್ಲಾಪಿಗೆ ಹಂಚಿ ಒಯ್ದ. ನಮ್ಮ ಕಂಪ್ಯೂಟರು ಕಟ್ಟಿದ ಗಂಟನ್ನು ಆ ಸೆಂಟರಿನ ಕಂಪ್ಯೂಟರಿಗೆ ಬಿಚ್ಚಲು ಬರಲಿಲ್ಲ. "ಅದರ ಭಾಷೆ ಬೇರೆ, ಇದರ ಭಾಷೆ ಬೇರೆ ಅತ್ತಿಗೆ" ಅಂತ ಸಪ್ಪೆ ಮುಖ ಮಾಡಿಕೊಂಡು ವಾಪಸು ಬಂದ. ಮುಂದೆ ನೋಡಿದರಾಯಿತು ಅಂದುಕೊಳ್ಳುವಷ್ಟರಲ್ಲಿ ಮನೆಯ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋಯಿತು. ಉಳಿದದ್ದು ಈ ನಾಲ್ಕು ಫ್ಲಾಪಿ.

ಅವೂ ಒಟ್ಟಿಗೆ ಉಳಿಯಲಿಲ್ಲ. ಆ ವರ್ಷದ ಗೌರಿ ಹಬ್ಬಕ್ಕೆ ಅತ್ತೆ ನಾಲ್ಕು ಜೊತೆ ಮೊರದ ಬಾಗಿನ ಸಿದ್ಧಮಾಡಿದ್ದರು. ಹೆಣ್ಣುಮಕ್ಕಳಾದ ಸರೋಜಕ್ಕ, ಪದ್ಮ ಇಬ್ಬರಿಗೆ, ಸೊಸೆ ನನಗೆ, ಸಾದಲಿಯಲ್ಲಿರುವ ತಮ್ಮ ತಂಗಿಗೆ. ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ, ರವಿಕೆ ಕಣ, ಜೊತೆಗೆ ಒಬ್ಬೊಬ್ಬರಿಗೂ ಒಂದೊಂದು ಫ್ಲಾಪಿ! "ನಾಲ್ಕು ಜನ, ನಾಲ್ಕು ಹಾಡು. ಯಾರಿಗೂ ಹೆಚ್ಚು ಕಮ್ಮಿ ಬೇಡ" ಅಂದಿದ್ದರು. ಒಂದೇ ಹಾಡಿನ ಕಾಲು ಕಾಲು ಭಾಗ ಅಂತ ಅವರಿಗೆ ಹೇಳುವ ಮನಸ್ಸು ಮಂಜುವಿಗೂ ಬರಲಿಲ್ಲ, ನನಗೂ ಬರಲಿಲ್ಲ. ಸೆರಗೊಡ್ಡಿ ಇಸಕೊಂಡಿದ್ದೆವು.

ಮಂಜುವಿಗೆ ಈಗ ಮಂಚೇನಹಳ್ಳಿಯಲ್ಲಿ ಹನಿ ನೀರಾವರಿ ಸಾಮಾನಿನ ಅಂಗಡಿ. ಫೋನು ಮಾಡಿದೆ.

"ಅಯ್ಯೋ ಅತ್ತಿಗೆ, ಅದಿನ್ನೂ ಇದೆಯಾ?" ಅಂತ ಕೂಗಿಯೇಬಿಟ್ಟ. "ಆದ್ರೆ ನಾಲ್ಕೂ ಬೇಕು. ಒಂದು ಸೀರೇನ ನಾಲ್ಕು ತುಂಡು ಮಾಡಿದಂಗೆ ಅದು. ಮೂರು ತುಂಡು ತಂದು ಉಡಕ್ಕಾಗಲ್ಲ."

ಅತ್ತೆಗೆ ಏನೂ ಹೇಳದೆ ಹುಡುಕಲು ಶುರುಮಾಡಿದೆ. ಅವರ ದನಿಯನ್ನು ಅವರ ಕೈಗೇ ಕೊಟ್ಟು, ಇಗೋ, ಹಸೆ ದಿನ ನೀವೇ ಹಾಡ್ತಿದ್ದೀರಿ, ಈಗ ಬನ್ನಿ ಅನ್ನಬೇಕು ಅಂತ ನನ್ನ ಲೆಕ್ಕಾಚಾರ.

ಸರೋಜಕ್ಕನ ಫ್ಲಾಪಿ ಅವರ ಧಾರೆ ಸೀರೆಯ ಮಡಿಕೆಯಲ್ಲಿ ಇತ್ತು. ಕರೆಯೋಲೆ ಕೊಡಲು ಬಂದಾಗ ತಂದುಕೊಟ್ಟರು. ಪದ್ಮ ನಮ್ಮ ಯಜಮಾನರ ತಂಗಿ, ಗೌರಿಬಿದನೂರಿಗೆ ಕೊಟ್ಟಿದ್ದು. ಅವಳ ಮನೆಗೆ ಹೋದರೆ ಅವಳು ಒಂದು ಕ್ಷಣವೂ ಹುಡುಕಲಿಲ್ಲ. ತನ್ನ ಮದುವೆ ಆಲ್ಬಮ್ಮಿನ ಕೊನೆಯ ಪ್ಲಾಸ್ಟಿಕ್ ಹಾಳೆಯೊಳಗಿಂದ ಫ್ಲಾಪಿ ತೆಗೆದಳು. "ಕೇಳಕ್ಕಂತೂ ಆಗ್ಲಿಲ್ಲ. ಇಲ್ಲಾದ್ರೂ ಇರ್ಲಿ ಅಂತ ಇಟ್ಟಿದ್ದೆ ಅತ್ತಿಗೆ" ಅಂದಳು. ಅವಳ ಗಂಡ ರಾಜಣ್ಣ ಪಕ್ಕದಿಂದ, "ವರ್ಷಕ್ಕೊಂದ್ಸಲ ತೆಗೆದು ಸೆರಗಲ್ಲಿ ಒರೆಸಿ ಇಡ್ತಾಳೆ. ನನ್ನ ಕನ್ನಡಕ ಒಂದಿನ ಒರೆಸಿಲ್ಲ" ಅಂದರು.

ಕಷ್ಟವಾಗಿದ್ದು ಸಾದಲಿಯದು.

ಸಾದಲಿಯ ಚಿಕ್ಕತ್ತೆ ರೇಷ್ಮೆ ಹುಳ ಸಾಕುತ್ತಾರೆ. ನಾನು ಹೋದಾಗ ಹುಳ ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ರಾತ್ರಿ ಹಗಲು ಸೊಪ್ಪು ತಿನ್ನುವ ಹೊತ್ತು. ಆ ಹೊತ್ತಿನಲ್ಲಿ ಹೊರಗಿನವರನ್ನು ಹುಳುಮನೆಯ ಹತ್ತಿರ ಸೇರಿಸುವುದಿಲ್ಲ. ಅಂಗಳದಲ್ಲೇ ತಡೆದು, ಕಾಲು ತೊಳೆಸಿ, ದೂರದಲ್ಲೇ ಕೂರಿಸಿದರು. "ರಾಮ್ಮ ರಾ, ಕೂತ್ಕೋ, ಕಾಫಿ ಕುಡಿ" ಅಂತ ಆ ಕಡೆಯ ತೆಲುಗು ಬೆರೆಸಿ ಪ್ರೀತಿಯೇನೋ ಬಹಳ. ಫ್ಲಾಪಿಯ ಮಾತೆತ್ತಿದರೆ ಮುಖ ಗಟ್ಟಿಯಾಯಿತು.

"ಅಕ್ಕನ ಬಿಲ್ಲೆನಾ? ಅದು ಹುಳುಮನೇಲಿ ದೇವರ ಪಟದ ಮುಂದಿದೆ. ಶುಕ್ರವಾರ ಶುಕ್ರವಾರ ಪೂಜೆ ಮಾಡ್ತೀನಿ. ಅದು ಬಂದ್ಮೇಲೆ ನಮ್ಮನೇಲಿ ಬೆಳೆ ಕೆಟ್ಟಿದ್ದೇ ಕಮ್ಮಿ. ಹುಳ ಇರೋವಾಗ ಅದನ್ನ ಅಲ್ಲಾಡಿಸಲ್ಲ."

"ಚಿಕ್ಕತ್ತೆ, ಮದುವೆ ಹತ್ರ ಬಂತು..."

"ಹುಳ ಹಣ್ಣಾಗ್ಲಿ, ಗೂಡು ಕಟ್ಲಿ, ಬಿಡಿಸ್ಲಿ. ಆಮೇಲೆ ನಾನೇ ತರ್ತೀನಿ. ನೀನು ಓದಿದೋಳು, ನಿನಗೆ ನಾನೇನು ಹೇಳ್ಲಿ?"

ಹೇಳುವುದೆಲ್ಲ ಹೇಳಿ ಮುಗಿಸಿದ್ದರು. ಒಂದು ಚೀಲ ನುಗ್ಗೆಕಾಯಿ ಹಿಡಿದುಕೊಂಡು ಬರಿಗೈಯಲ್ಲಿ ಬಂದೆ.

ಅಷ್ಟರಲ್ಲಿ ಇದ್ದ ಮೂರನ್ನು ತೆಗೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ. ಅಲ್ಲಿ ನನ್ನ ಕಾನ್ವೆಂಟ್ ಗೆಳತಿ ಶಾಹಿನಾಳ ಜೆರಾಕ್ಸ್ ಮತ್ತು ಲಗ್ನಪತ್ರಿಕೆ ಅಂಗಡಿ ಇದೆ. ಮುಂದೆ ಹೊಸ ಕಂಪ್ಯೂಟರು. ಹಿಂದಿನ ಮೂಲೆಯಲ್ಲಿ ಹೂವಿನ ಬಟ್ಟೆ ಹೊದ್ದುಕೊಂಡ ಮುದಿ ಕಂಪ್ಯೂಟರು. ಅವಳ ಹಳೆಯ ಕನ್ನಡ ಅಕ್ಷರಗಳು ಅದರಲ್ಲಿ ಮಾತ್ರ ಸರಿಯಾಗಿ ಬರುತ್ತವೆ ಅಂತ ಅದನ್ನು ಬಿಟ್ಟಿಲ್ಲ. ಅದಕ್ಕೆ ಫ್ಲಾಪಿಯ ಬಾಯಿ ಇದೆ, ಮಂಜು ಕಟ್ಟಿದಂಥ ಗಂಟು ಬಿಚ್ಚುವ ವಿದ್ಯೆಯೂ ಇದೆ.

ಶಾಹಿನಾ ಮೊದಲನೆಯ ಫ್ಲಾಪಿ ಹಾಕಿದಳು. ಗರ್‌ ಗರ್‌ ಅಂತ ಕೆಮ್ಮಿ, ಪರದೆಯ ಮೇಲೆ ಏನೋ ಬಂತು.

"ಲೇ, ಇದು ಕೊನೇದನ್ನ ಮೊದಲು ಕೇಳ್ತಿದೆಯಲ್ಲೇ."

"ಮೊದಲನೇದಿದೆ, ಎರಡು, ಮೂರು ಇದೆ."

"ಅದೆಲ್ಲ ಆಮೇಲೆ. ಗಂಟಿನಲ್ಲಿ ಎಲ್ಲೆಲ್ಲಿ ಏನೇನಿದೆ ಅನ್ನೋ ವಿವರ ಕೊನೇದರಲ್ಲಿ ಇರುತ್ತೆ. ಅದು ಬರದೆ ಇದು ಬಾಯಿ ಬಿಡಲ್ಲ."

ಕೊನೆಯದು ಸಾದಲಿಯಲ್ಲಿ ಹುಳದ ಜೊತೆ ಕೂತಿತ್ತು.

ಆ ದಿನಗಳಲ್ಲಿ ನಾನು ಸಾದಲಿಯ ಹುಳಗಳಿಗಾಗಿ ಬೇಡಿಕೊಂಡಷ್ಟು ಅವುಗಳ ಒಡತಿಯೂ ಬೇಡಿಕೊಂಡಿರಲಿಕ್ಕಿಲ್ಲ. ಮನೆಯಲ್ಲಿ ಅತ್ತೆ ಹಸೆಯ ದಿನಕ್ಕೆಂದು ಸರೋಜಕ್ಕ ಕೊಟ್ಟುಹೋದ ಹೊಸ ಸೀರೆಯನ್ನು ಮಡಿಕೆ ಬಿಚ್ಚದೆ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟುಬಿಟ್ಟಿದ್ದರು.

ಹಸೆಗೆ ಇನ್ನೆರಡು ದಿನ ಇದೆ ಅನ್ನುವಾಗ ಚಿಕ್ಕತ್ತೆ ಬಂದರು. ಬೆಳಿಗ್ಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಮಗನ ಜೊತೆ ಗೂಡು ತಂದವರು, ಅವನನ್ನು ಹರಾಜಿಗೆ ಬಿಟ್ಟು ನೇರ ನಮ್ಮ ಮನೆಗೆ. ತಲೆಗೂದಲಿನಲ್ಲಿ ಗೂಡಿನ ನವಿರು ಎಳೆಗಳು ಹೊಳೆಯುತ್ತಿದ್ದವು. ಕೈಯಲ್ಲಿ ಹೊಸ ರವಿಕೆ ಬಟ್ಟೆಯಲ್ಲಿ ಸುತ್ತಿದ ಫ್ಲಾಪಿ. ನನ್ನ ಕೈಗೆ ಕೊಡಲಿಲ್ಲ. "ನಾನೂ ಬರ್ತೀನಿ ನಡಿ. ಇದನ್ನ ನನ್ನ ಕಣ್ಣ ಮುಂದೇನೇ ಹಾಕ್ಬೇಕು" ಅಂದರು. ಬಳೆ ತರಲು ಹೋಗುತ್ತೇವೆ ಅಂತ ಅತ್ತೆಗೆ ಹೇಳಿ ಇಬ್ಬರೂ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು.

ಶಾಹಿನಾ ಬಟ್ಟೆ ಬಿಚ್ಚಿ ನೋಡಿ ಹಣೆ ಹಣೆ ಚಚ್ಚಿಕೊಂಡಳು. ವರ್ಷಗಟ್ಟಲೆ ಶುಕ್ರವಾರಗಳ ಅರಿಶಿನ, ಕುಂಕುಮ, ಅದರ ಮೇಲೆ ಹುಳುಮನೆಯ ಸುಣ್ಣದ ಪುಡಿ. ತಗಡಿನ ಬಾಗಿಲು ಸರಿಸಿದರೆ ಒಳಗೂ ಕೆಂಪು.

"ಇದನ್ನ ಹಿಂಗೇ ಹಾಕಿದ್ರೆ ಇದೂ ಹೋಗುತ್ತೆ, ನನ್ನ ಮುದುಕಿನೂ ಸಾಯ್ತಾಳೆ" ಅಂದಳು. ಸ್ವಲ್ಪ ಯೋಚಿಸಿ, "ಬಿಚ್ಚಿ ತೊಳೀಬೇಕು" ಅಂದಳು.

"ತೊಳೆಯೋದಾ?"

"ಒಳಗಿನ ಬಿಲ್ಲೆ ನೀರಿಗೆ ಹೆದರಲ್ಲ. ಗೀಚಿದ್ರೆ ಮಾತ್ರ ಹೋಯ್ತು. ನನ್ನ ಉಗುರು ನೋಡು, ಎಷ್ಟುದ್ದ. ನೀನು ತೊಳಿ."

ಅವಳು ಚಾಕುವಿನ ತುದಿಯಿಂದ ಅಂಚು ಬಿಡಿಸಿದಾಗ ಪ್ಲಾಸ್ಟಿಕ್ಕು ಚಟ್ ಎಂದು ಬಾಯ್ಬಿಟ್ಟಿತು. "ಅಯ್ಯಯ್ಯೋ, ಕೊಯ್ದೇಬಿಟ್ರಲ್ಲೇ ನನ್ನಕ್ಕನ್ನ!" ಅಂತ ಚಿಕ್ಕತ್ತೆ ಕಿರುಚಿದ ಸದ್ದಿಗೆ ಪಕ್ಕದ ಟೈಲರ್ ಅಂಗಡಿಯವರು ಎದ್ದು ಬಂದರು. ಅವರಿಗೆ ಸಮಾಧಾನ ಹೇಳಿ ಕಳಿಸುವುದರಲ್ಲಿ ನಮಗೆ ಸಾಕಾಯಿತು.

ಒಳಗಿನದು ಕಂದು ಬಣ್ಣದ ದುಂಡನೆಯ ಹಾಳೆ, ಹಪ್ಪಳದಷ್ಟು ತೆಳು. ಕಾಯಿಸಿ ಆರಿಸಿದ ನೀರಿನಲ್ಲಿ ಅದನ್ನು ಅದ್ದಿ, ಬೆರಳ ತುದಿಯಲ್ಲಿ ಅಂಚು ಹಿಡಿದು ಮೆಲ್ಲಗೆ ಆಡಿಸಿದೆ. ನೀರು ಓಕುಳಿಯ ಹಾಗೆ ಕೆಂಪಗಾಯಿತು. ಮತ್ತೆ ನೀರು ಬದಲಿಸಿದೆ. ನನ್ನ ಮಕ್ಕಳಿಗೆ ಎಣ್ಣೆ ನೀರು ಹಾಕುವಾಗಲೂ ಅಷ್ಟು ಹೆದರಿರಲಿಲ್ಲ. ಹಳೆಯ ಮಲ್ಲು ಬಟ್ಟೆಯ ಮೇಲೆ ಅದು ಆರುವ ತನಕ ಮೂವರೂ ಅದನ್ನೇ ಕಾಯುತ್ತ ಕೂತಿದ್ದೆವು. ಚಿಕ್ಕತ್ತೆ ಸೆರಗಿನಿಂದ ಗಾಳಿ ಹಾಕಲು ಬಂದರು. ಧೂಳು ಬೀಳುತ್ತೆ ಅಂತ ಶಾಹಿನಾ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ಬೇರೊಂದು ಬೇಡದ ಫ್ಲಾಪಿಯ ಚಿಪ್ಪಿನೊಳಗೆ ಆ ಬಿಲ್ಲೆಯನ್ನು ಇಟ್ಟು ಮುದಿ ಕಂಪ್ಯೂಟರಿನ ಬಾಯಿಗೆ ಕೊಟ್ಟಳು.

ಗರ್‌... ಗರ್‌... ನಿಂತಿತು. ಮತ್ತೆ ಗರ್‌. ಚಿಕ್ಕತ್ತೆ ನನ್ನ ತೋಳು ಹಿಡಿದ ಹಿಡಿತಕ್ಕೆ ಬಳೆ ಒತ್ತಿ ಗುರುತು ಬಿತ್ತು. ಪರದೆಯ ಮೇಲೆ ಹಾಡಿನ ಹೆಸರು ಮೂಡಿತು.

"ಬಾಯಿ ಬಿಟ್ಲು ಮುದುಕಿ!" ಅಂದಳು ಶಾಹಿನಾ. "ಈಗ ಮೊದಲನೇದು ಕೊಡು."

ನಾಲ್ಕೂ ತುಂಡು ಸೇರಿ ಹಾಡು ಒಂದಾಯಿತು. ಅದನ್ನು ನನ್ನ ಫೋನಿಗೆ ತರುವುದು ಮತ್ತೊಂದು ರಗಳೆ. ಈ ಕಾಲದ ಪೆನ್‌ಡ್ರೈವನ್ನು ಹಳೆಯ ಕಂಪ್ಯೂಟರು ಗುರುತಿಸಲೇ ಇಲ್ಲ. ಶಾಹಿನಾ ಡ್ರಾಯರಿನ ತಳ ಹುಡುಕಿ ಮಾಸಿದ ಪುಟಾಣಿ ಪೆನ್‌ಡ್ರೈವೊಂದನ್ನು ತೆಗೆದಳು. "ಇವನು ನೋಡು, ಹಳಬರಿಗೂ ಪರಿಚಯ, ಹೊಸಬರಿಗೂ ಪರಿಚಯ. ಮದುವೆ ಬ್ರೋಕರ್!" ಅಂತ ನಕ್ಕಳು. ಆ ಬ್ರೋಕರು ಹಾಡನ್ನು ಹೊಸ ಕಂಪ್ಯೂಟರಿಗೆ ದಾಟಿಸಿದ, ಅಲ್ಲಿಂದ ನನ್ನ ಫೋನಿಗೆ ಬಂತು.

ಶಾಹಿನಾ ಒತ್ತಿದಳು. ಮೊದಲು ಎಲ್ಲೋ ಕುಕ್ಕರಿನ ಸೀಟಿ. ಆಮೇಲೆ ಎಳೆಯ ಹೆಂಗಸಿನ ದನಿಯೊಂದು, "ಮಂಜು, ಕಾಫಿ ಆರೋಗ್ತಿದೆ" ಅಂತು. ಅದು ನಾನು. ಆಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡರು, ಎತ್ತಿದರು. ಆ ದನಿ! ಸಣ್ಣ ಅಂಗಡಿ ತುಂಬಿ ರಸ್ತೆಗೆ ಹರಿಯಿತು. ಚಿಕ್ಕತ್ತೆ ನೆಲದ ಮೇಲೆ ಕೂತು ಕಣ್ಣು ಮುಚ್ಚಿ, ತಮಗೇ ಗೊತ್ತಿಲ್ಲದ ಹಾಗೆ "ಸೋ" ಅಂದರು.

ಬಸ್ಸಿನಲ್ಲಿ ಮನೆಯವರೆಗೂ ನಾವಿಬ್ಬರು ಅದನ್ನೇ ಮತ್ತೆ ಮತ್ತೆ ಕೇಳಿದೆವು. ಇಯರ್‌ಫೋನಿನ ಒಂದು ಎಳೆ ಅವರ ಕಿವಿಗೆ, ಒಂದು ನನಗೆ.

ಮನೆಗೆ ಬಂದು ಅತ್ತೆಯನ್ನು ಜಗುಲಿಯ ಮೇಲೆ ಕೂರಿಸಿ ಫೋನು ಕೈಗಿಟ್ಟೆ. ಹಾಡು ಶುರುವಾಯಿತು. ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ತಂಗಿಯ ಮುಖ. "ಯಾರೇ ಇವಳು, ಇಷ್ಟು ಜೋರಾಗಿ ಕಿರುಚ್ತಾಳೆ?" ಅಂದರು. ಕಣ್ಣು ತುಂಬಿತ್ತು. ಮಾವನವರು ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತುಬಿಟ್ಟರು.

ಹಾಡು ಮುಗಿದ ಮೇಲೆ ನಾನು, "ಅತ್ತೆ, ಹಸೆ ದಿನ ಇದನ್ನ ಸ್ಪೀಕರಿಗೆ ಹಾಕಣ. ಹಾಡೋರು ನೀವೇ. ಈಗ ಬರ್ತೀರಲ್ವಾ?" ಅಂದೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ವಿಚಿತ್ರವಾಗಿ ನೋಡಿದರು.

"ಏನಮ್ಮ ಶೋಭ, ನೀನು ಹಾಡು ಕೇಳ್ದೋ ಬರೀ ದನಿ ಕೇಳ್ದೋ? ಇದು ಪದ್ಮನ ಮದುವೆಗೆ ಕಟ್ಟಿದ್ದು. ಸಾಲು ಸಾಲಿಗೂ ಪದ್ಮನ ಹೆಸರು, ರಾಜಣ್ಣನ ಹೆಸರಿದೆ. ಕಾವ್ಯನ್ನ ಹಸೆ ಮೇಲೆ ಕೂರಿಸಿ, ಅವಳ ಚಿಕ್ಕಪ್ಪನ ಕೈ ಹಿಡಿ ಅಂತ ಹಾಡಿಸ್ತೀಯೇನೇ?"

ಬಸ್ಸಿನಲ್ಲಿ ಅಷ್ಟು ಸಲ ಕೇಳಿದ್ದೆ! ರಾಜಣ್ಣ ರಾಜಣ್ಣ ಅನ್ನುವುದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಚಿಕ್ಕತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರುಮಾಡಿದರು. ಅತ್ತೆಯೂ ಸದ್ದಿಲ್ಲದೆ ಭುಜ ಕುಣಿಸಿ ನಕ್ಕರು. ನನಗೆ ನಗುವೂ ಬಂತು, ಅಳುವೂ ಬಂತು. ಅಷ್ಟು ಊರು ಸುತ್ತಿ, ಅಷ್ಟು ಜನರನ್ನು ಕಾಡಿ ತಂದ ಹಾಡು ಹಸೆಗೆ ಆಗುವುದಿಲ್ಲ.

"ಹಂಗಾದ್ರೆ ನೀವು ಬರಲ್ವಾ ಅತ್ತೆ?"

ಅವರು ಫೋನನ್ನು ಮತ್ತೆ ಕಿವಿಗೆ ಹಿಡಿದು ಸ್ವಲ್ಪ ಕೇಳಿದರು. ಒಂದು ಕಡೆ ತಲೆಯಾಡಿಸಿ ಬೆರಳು ಮಡಚಿದರು. ಆಮೇಲೆ, "ನಡೆ ಹೆಂಗೆ ತಿರುಗ್ತಿತ್ತು ಅನ್ನೋದೇ ಮರೆತುಹೋಗಿತ್ತು ಕಣೇ. ಈಗ ಸಿಕ್ತು" ಅಂದರು. "ಹಸೇಲಿ ಹಾಡು ನೀನು ಹೇಳು. ನಾನು ಹೇಳಿಕೊಡ್ತೀನಿ."

"ನಾನಾ? ನನಗೆಲ್ಲಿ ಬರುತ್ತೆ ಅತ್ತೆ? ಪದ್ಮ ಚೆನ್ನಾಗಿ ಹಾಡ್ತಾಳೆ, ಅವಳಿಗೆ ಹೇಳಿ."

"ಅವಳು ಇನ್ನೊಂದು ಮನೆ ಬೆಳಗೋಕೆ ಹೋದೋಳು. ಈ ಮನೆ ಹಾಡು ಈ ಮನೆ ಸೊಸೆ ಬಾಯಲ್ಲಿರ್ಬೇಕು. ನಮ್ಮತ್ತೆ ನನಗೆ ಹಂಗೇ ಕೊಟ್ಟಿದ್ದು. ನಿನಗೆ ಕೊಡೋದು ಬಿಟ್ಟು ಬಾಗಿನದಲ್ಲಿ ಕೊಟ್ಟುಬಿಟ್ಟೆ ನೋಡು, ಮಂಕು ಮುಂಡೇದು ನಾನು."

ಆ ಎರಡು ದಿನ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿದ್ದರೆ ಪಕ್ಕದಲ್ಲಿ ಅತ್ತೆಯ ಪಾಠ. ಧಾಟಿ ನನ್ನ ಬಾಯಿಗೆ ಕೂತಿತು, ಸಾಲುಗಳು ಕೂರಲಿಲ್ಲ. "ಅದಕ್ಕೆ ನಾನಿರ್ತೀನಲ್ಲ" ಅಂದರು.

ಹಸೆಯ ದಿನ ಚಿಂತಾಮಣಿಯ ಸರೋಜಕ್ಕನ ಮನೆ ಹೆಂಗಸರಿಂದ ತುಂಬಿತ್ತು. ಅತ್ತೆ ಆ ಹೊಸ ಸೀರೆ ಉಟ್ಟು ನನ್ನ ಪಕ್ಕದಲ್ಲೇ ಒತ್ತಿಕೊಂಡು ಕೂತಿದ್ದರು. ಬಾಗಿಲಲ್ಲಿ ಅವರನ್ನು ಕಂಡಾಗಿನಿಂದ ಸರೋಜಕ್ಕನ ಕೈಗೆ ಯಾವ ಕೆಲಸವೂ ಹತ್ತುತ್ತಿರಲಿಲ್ಲ. ಒಳಕೋಣೆಯಲ್ಲಿ ಪದ್ಮ ನನ್ನ ಫೋನು ಕಿವಿಗೆ ಹಿಡಿದು, ತಾನು ಮದುಮಗಳಾಗಿದ್ದಾಗಿನ ಹಾಡನ್ನು ಕೇಳಿ ಮುಗಿಸಿ, ಕೆಂಪು ಮೂಗಿನೊಂದಿಗೆ ಬಂದು ನಮ್ಮ ಹಿಂದೆ ಕೂತಳು.

ಕಾವ್ಯ ಅರಿಶಿನ ಹಚ್ಚಿದ ಕೆನ್ನೆ ಹೊತ್ತು ಮಣೆ ಮೇಲೆ ಕೂತಳು. ಅತ್ತೆ ನನ್ನ ಕಿವಿಗೆ ಬಾಯಿಟ್ಟು ಮೊದಲ ಸಾಲು ಉಸುರಿದರು. ಕಾವ್ಯಳ ಹೆಸರು, ಹುಡುಗನ ಹೆಸರು ಆ ಸಾಲಿನಲ್ಲಿ ಆಗಲೇ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ನಾನು ಎತ್ತಿದೆ. ಹೆಂಗಸರೆಲ್ಲ "ಸೋ" ಅಂದರು. ಆ "ಸೋ" ಮುಗಿಯುವಷ್ಟರಲ್ಲಿ ಎರಡನೆಯ ಸಾಲು ಕಿವಿಗೆ ಬಂದಿತ್ತು. ಅದೂ ಹೋಯಿತು, ಮೂರನೆಯದೂ ಹೋಯಿತು. ನಡುವೆ ಒಂದು ಕಡೆ ಅತ್ತೆ ನನ್ನ ಮೊಣಕಾಲಿಗೆ ಚಿವುಟಿ, "ಎಳೀಬೇಡ" ಅಂದರು. ಅದನ್ನೂ ಎಲ್ಲಿ ಹಾಡಿಬಿಡುತ್ತೇನೋ ಅಂತ ಭಯವಾಗಿತ್ತು ನನಗೆ. ಹೊರಗಿನಿಂದ ನೋಡಿದವರಿಗೆ ಅತ್ತೆ ಸೊಸೆ ಏನೋ ಗುಟ್ಟು ಮಾತಾಡುತ್ತಿದ್ದಾರೆ ಅನ್ನಿಸಿರಬೇಕು.

ಹಾಡು ಮುಗಿದಾಗ ಅವರು ನನ್ನ ಬೆವರಿದ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಆರತಿ ಆಗುವವರೆಗೂ ಅಲ್ಲೇ ಇಟ್ಟುಕೊಂಡಿದ್ದರು.

ಈಗ ನೆಂಟರ ಮನೆಯ ಹಸೆಗೆ ನಮ್ಮಿಬ್ಬರನ್ನೂ ಒಟ್ಟಿಗೇ ಕರೆಯುತ್ತಾರೆ. ಈಚೆಗೆ ಕೆಲವು ಸಾಲು ಅವರು ಹೇಳುವ ಮೊದಲೇ ನನಗೆ ಹೊಳೆಯುತ್ತವೆ. ಆದರೂ ನಾನು ತಡೆದು ಕಾಯುತ್ತೇನೆ, ಅವರ ಬಿಸಿಯುಸಿರು ಕಿವಿಗೆ ತಾಗಿದ ಮೇಲೆಯೇ ಬಾಯಿ ತೆರೆಯುತ್ತೇನೆ.